ತಮ್ಮನ ಪಾಲಿನ ಸರಪಣಿ

ನೂರು ಮೀಟರ್ ಓಡುವುದು ಕಷ್ಟ ಎಂದು ಎಲ್ಲರಿಗೂ ಗೊತ್ತು. ನೂರು ಮೀಟರನ್ನು ನೆಲದ ಮೇಲೆ ಅಳೆದು ಗೆರೆ ಎಳೆಯುವುದು ಅದಕ್ಕಿಂತ ಕಷ್ಟ ಎಂದು ನನ್ನಂಥ ಕೆಲವರಿಗೆ ಮಾತ್ರ ಗೊತ್ತು. ನನಗೂ ಅದು ತಿಳಿದದ್ದು ತಡವಾಗಿ, ಒಬ್ಬ ಹುಡುಗನ ದಾರಿ ತಪ್ಪಿಸಿದ ಮೇಲೆ.

ಎಪ್ಪತ್ತರ ದಶಕದ ಕೊನೆಯ ಮಾತು. ಕೃಷ್ಣಗಿರಿ ಹತ್ತಿರದ ಕಾಲೇಜೊಂದರಲ್ಲಿ ನಾನು ಫಿಸಿಕಲ್ ಡೈರೆಕ್ಟರ್. ಹೆಸರೇನೋ ದೊಡ್ಡದು, ಸುತ್ತಲ ಹಳ್ಳಿಯವರಿಗೆ ಮಾತ್ರ ನಾನು ಡ್ರಿಲ್ ಮೇಷ್ಟ್ರು. ಕಾಲೇಜಿನ ಮೈದಾನದ ನಡುವೆ ಹೊಸ ಕಟ್ಟಡಕ್ಕೆಂದು ಪಾಯ ತೋಡಿ ಹಾಗೆಯೇ ಬಿಟ್ಟಿದ್ದರು. ಪಾಯದೊಳಗೆ ಆಡುಗಳು ಮಲಗುತ್ತಿದ್ದವು. ಅರವತ್ತು ಮೀಟರ್ ಓಡಿದರೆ ಹುಡುಗರು ಆ ಗುಂಡಿಗೇ ಬೀಳಬೇಕಿತ್ತು. ಎರಡು ಮೈಲಿ ದೂರದ ಹಳ್ಳಿಯಲ್ಲಿ ಒಂದು ಕೆರೆ ಎರಡು ವರ್ಷದಿಂದ ತುಂಬಿರಲಿಲ್ಲ. ಊರಿಗೆ ಅದು ಸಂಕಟ, ನನಗೆ ಅನುಕೂಲ. ಹಾಗೆಂದು ಬಾಯಿಬಿಟ್ಟು ಹೇಳುವಂತಿರಲಿಲ್ಲ. ಕೆರೆಯಂಗಳದ ಗೋಡುಮಣ್ಣು ಒಣಗಿ, ಕಾಲಿಗೆ ಹಿತವಾಗಿ, ಮಟ್ಟವಾಗಿ ಬಿದ್ದಿತ್ತು. ಅಲ್ಲಿ ಓಟದ ಗೆರೆ ಎಳೆಯಬೇಕೆಂದು ತೀರ್ಮಾನಿಸಿದೆ.

ಅಳೆಯಲು ಕಾಲೇಜಿನಲ್ಲಿ ಇದ್ದದ್ದು ಒಂದು ಹಳೆಯ ಬಟ್ಟೆಯ ಟೇಪು. ಅದರ ಅಂಕಿಗಳು ಅಳಿಸುತ್ತ ಬಂದಿದ್ದವು. ಬಟ್ಟೆಯ ಟೇಪು ಹಿಗ್ಗುತ್ತದೆ, ಹಿಗ್ಗಿದ ಟೇಪು ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ ಎಂದು ತರಬೇತಿಯಲ್ಲಿ ನಮಗೆ ಹೇಳಿಕೊಟ್ಟಿದ್ದರು. ಉಕ್ಕಿನ ಟೇಪು ಬೇಕೆಂದು ಮೂರು ಸಲ ಬರೆದೆ. ಮೂರು ಸಲವೂ ಕಾಗದ ಹೋದ ದಾರಿಯಲ್ಲೇ ವಾಪಸಾಯಿತು. ಕೊನೆಗೆ ಆ ಹಳ್ಳಿಯ ಕರ್ಣಮರ ಮನೆಗೆ ಹೋದೆ. ಕರ್ಣಮರೆಂದರೆ ಹಳ್ಳಿಯ ಹೊಲಗಳ ಲೆಕ್ಕ ಬರೆಯುವವರು, ಜಮೀನು ಅಳೆಯುವವರು. ಅವರ ಹಜಾರದ ಮೊಳೆಗೆ ಕಬ್ಬಿಣದ ಅಳತೆ ಸರಪಣಿ ತೂಗುಹಾಕಿತ್ತು. ಅಂಥ ಸರಪಣಿಗೆ ನೂರು ಕೊಂಡಿ, ಎರಡು ತುದಿಗೂ ಹಿತ್ತಾಳೆ ಹಿಡಿ, ಹತ್ತು ಕೊಂಡಿಗೊಂದು ಹಿತ್ತಾಳೆ ಬಿಲ್ಲೆ. ಉದ್ದ ಅರವತ್ತಾರು ಅಡಿ.

"ಬಟ್ಟೆ ಟೇಪು ನಂಬಬ್ಯಾಡಿ ಮೇಷ್ಟ್ರೇ, ಕಬ್ಬಣ ನಂಬಿ," ಎಂದರು ಕರ್ಣಮರು. "ಈ ಸುತ್ತಿನ ಹೊಲ ಎಲ್ಲಾ ನಮ್ಮ ಮನೆ ಚೈನಿನಾಗೇ ಅಳ್ದಿರೋದು. ಏನು, ಹುಡುಗ್ರು ಓಡಕೆ ತಾನೆ? ತಕ್ಕೊಂಡೋಗಿ."

ಅವರ ಮಾತು ನನಗೆ ಬಹಳ ಹಿಡಿಸಿತು. ರಾತ್ರಿಯಿಡೀ ಲೆಕ್ಕ ಹಾಕುವಂಥ ಆಸಾಮಿ ನಾನಲ್ಲದಿದ್ದರೂ ಇದಕ್ಕೆ ಮಾತ್ರ ಹಾಕಿದೆ. ಅರವತ್ತಾರು ಅಡಿಯ ಸರಪಣಿ ಐದು ಸಲ ಎಳೆದರೆ ನೂರು ಮೀಟರಿಗಿಂತ ಐವತ್ತೆಂಟು ಸೆಂಟಿಮೀಟರ್ ಜಾಸ್ತಿ ಬರುತ್ತದೆ. ಹಾಗಾಗಿ ಐದು ಸರಪಣಿ ಎಳೆದು, ಕೊನೆಯಲ್ಲಿ ಆ ಐವತ್ತೆಂಟು ಸೆಂಟಿಮೀಟರನ್ನು ಸ್ಕೇಲಿಟ್ಟು ಕಳೆದು, ಜಾಲಿ ಮರದ ಗೂಟ ಬಡಿದೆ. ಸುಣ್ಣ ಹಾಕಿದರೆ ದನಕರು ತುಳಿದು ಅಳಿಸುತ್ತವೆಂದು ಗೂಟ. ಅರ್ಧ ಮೀಟರನ್ನೂ ಬಿಡದೆ ಕಳೆದೆನಲ್ಲ ಎಂದು ಅವತ್ತು ನನಗೆ ಎಷ್ಟು ಹೆಮ್ಮೆಯಾಯಿತೆಂದರೆ, ಸ್ಟಾಫ್ ರೂಮಿನಲ್ಲಿ ಗಣಿತದವರನ್ನು ಕರೆದು ಹೇಳಿದೆ.

ಇನ್ನು ಹುಡುಗ. ಅಂಚೆಟ್ಟಿಯ ಆಚೆ, ಬಸ್ಸಿಳಿದು ಐದು ಮೈಲಿ ನಡೆಯಬೇಕಾದ ಕಾಡಂಚಿನ ಊರಿನವನು. ಆ ಊರಿನಿಂದ ಕಾಲೇಜಿಗೆ ಬಂದ ಮೊದಲನೆಯವನು. ಬಿ.ಎ. ಎರಡನೇ ವರ್ಷ, ಹಾಸ್ಟೆಲ್‌ನಲ್ಲಿ ಇದ್ದ. ನೋಡಲು ಅಂಥ ಓಟಗಾರನಂತೇನೂ ಇರಲಿಲ್ಲ, ಮೊಣಕಾಲು ದಪ್ಪ, ಹೆಗಲು ಸಣ್ಣದು. ಆದರೆ ಹಿಮ್ಮಡಿ ನೆಲಕ್ಕೆ ತಾಗುತ್ತಿರಲಿಲ್ಲ. ಬರಿಗಾಲಿನಲ್ಲಿ ಅವನು ಕೆರೆಯಂಗಳದಲ್ಲಿ ಓಡಿದರೆ ಬೆರಳುಗಳ ಗುರುತಷ್ಟೇ ಮಣ್ಣಿನಲ್ಲಿ ಮೂಡುತ್ತಿತ್ತು.

ದಿನವೂ ಬೆಳಗ್ಗೆ ಆರಕ್ಕೆ ನಾವು ಅಲ್ಲಿರುತ್ತಿದ್ದೆವು. ಗೆರೆಯ ಹಿಂದೆ ಒಂದೂವರೆ ಗೇಣಿಗೆ ಮುಂಗಾಲಿನ ಗುಳಿ, ಅದರ ಹಿಂದೆ ಮೊಳಕ್ಕೆ ಹಿಂಗಾಲಿನ ಗುಳಿ. ಕಳೆ ತೆಗೆಯುವ ಸಣ್ಣ ಗುದ್ದಲಿಯಿಂದ ಅವನೇ ತೋಡಿಕೊಳ್ಳುತ್ತಿದ್ದ. ಅವನ ಸಹಪಾಠಿಯೊಬ್ಬ ಎರಡು ಹಲಗೆಗಳನ್ನು ತಲೆಯ ಮೇಲೆ ಎತ್ತಿ ಬಡಿಯುತ್ತಿದ್ದ. ನಾನು ಕೊನೆಯ ಗೂಟದ ಬಳಿ ನಿಂತು, ಸದ್ದಿಗೆ ಕಾಯದೆ, ಹಲಗೆ ಕೂಡುವುದನ್ನು ಕಣ್ಣಲ್ಲಿ ಕಂಡ ತಕ್ಷಣ ಗಡಿಯಾರ ಒತ್ತುತ್ತಿದ್ದೆ. ಸದ್ದು ನೂರು ಮೀಟರ್ ದಾಟಿ ಬರುವಷ್ಟರಲ್ಲಿ ಸೆಕೆಂಡಿನ ಮೂರು ಹತ್ತರಾಂಶ ಕಳೆದಿರುತ್ತದೆ. ಸದ್ದಿಗೆ ಒತ್ತುವವನು ತನ್ನ ಓಟಗಾರನಿಗೆ ಅಷ್ಟನ್ನು ಪುಕ್ಕಟೆ ಕೊಟ್ಟಂತೆ. ಅಂಥ ಮೋಸ ನನ್ನ ಕೈಯಿಂದ ಆಗುವುದಿಲ್ಲ ಎಂದು ಹುಡುಗರ ಮುಂದೆ ಕೊಚ್ಚಿಕೊಳ್ಳುತ್ತಿದ್ದೆ.

ಓಟ ಮುಗಿದ ಮೇಲೆ ನಾವಿಬ್ಬರೂ ಅವನ ಹೆಜ್ಜೆಗುರುತುಗಳ ಪಕ್ಕ ಹಿಂದಕ್ಕೆ ನಡೆಯುತ್ತಿದ್ದೆವು. ನಲವತ್ತೆಂಟು ಹೆಜ್ಜೆ. ಪ್ರತಿಯೊಂದರ ಉದ್ದವನ್ನೂ ಬಟ್ಟೆಯ ಟೇಪಿನಲ್ಲಿ ಅಳೆದು ಪುಸ್ತಕದಲ್ಲಿ ಬರೆಯುತ್ತಿದ್ದೆ. ಎಲ್ಲಿ ಹೆಜ್ಜೆ ಗಿಡ್ಡವಾಗಿದೆಯೋ ಅಲ್ಲಿ ಅವನು ದಣಿದಿದ್ದಾನೆ, ಎಲ್ಲಿ ಪಕ್ಕಕ್ಕೆ ಸರಿದಿದೆಯೋ ಅಲ್ಲಿ ಹೆಗಲು ಬಿಗಿದಿದ್ದಾನೆ. ಮಣ್ಣು ಹೇಳುವಷ್ಟು ಸ್ಪಷ್ಟವಾಗಿ ಯಾವ ಪುಸ್ತಕವೂ ಹೇಳುವುದಿಲ್ಲ. ಆದರೆ ಒಂದು ತೊಡಕಿತ್ತು. ನಲವತ್ತೆಂಟು ಹೆಜ್ಜೆಯನ್ನೂ ಕೂಡಿಸಿದರೆ ತೊಂಬತ್ತೈದು ಮೀಟರೇ ಬರುತ್ತಿತ್ತು. ಮೊದಲನೇ ದಿನ ಕೂಡುವುದು ತಪ್ಪಿತೇನೋ ಎಂದುಕೊಂಡೆ. ನಾಲ್ಕು ದಿನವೂ ತೊಂಬತ್ತೈದೇ ಬಂದಾಗ ನನಗೆ ಸಿಟ್ಟು ಬಂತು. ನೋಡಿದೆಯಾ, ಟೇಪು ಎಷ್ಟು ಹಿಗ್ಗಿದೆ ಎಂದು ಹುಡುಗನಿಗೆ ತೋರಿಸಿ, ಅದನ್ನು ಹಾಸ್ಟೆಲ್‌ನ ಅಡುಗೆಯವರಿಗೆ ಬಟ್ಟೆ ಒಣಹಾಕಿಕೊಳ್ಳಲು ಕೊಟ್ಟುಬಿಟ್ಟೆ. ಆಮೇಲೆ ಹೆಜ್ಜೆಗಳನ್ನು ಒಂದು ಬಿದಿರು ಕಡ್ಡಿಯಲ್ಲಿ ಹೋಲಿಸಿ ನೋಡಿದೆವೇ ಹೊರತು ಕೂಡಿಸಲಿಲ್ಲ.

ಜುಲೈ ಹೊತ್ತಿಗೆ ಅವನ ಓಟ ಹನ್ನೊಂದು ಸೆಕೆಂಡಿಗೆ ಇಳಿಯಿತು. ಆಗಸ್ಟಿನ ಒಂದು ಬೆಳಗ್ಗೆ ಹತ್ತು ಪಾಯಿಂಟ್ ಒಂಬತ್ತು. ಗಡಿಯಾರವನ್ನು ಎರಡು ಸಲ ನೋಡಿದೆ. ಮರುದಿನ ಮತ್ತೆ ಓಡಿಸಿದೆ, ಅಷ್ಟೇ ಬಂತು. ನಿಜ ಹೇಳಬೇಕೆಂದರೆ ಉಳಿದ ಹುಡುಗರ ಓಟವೂ ಅರ್ಧ ಸೆಕೆಂಡ್ ಇಳಿದಿತ್ತು. ಗೊಜ್ಜವಲಕ್ಕಿ ತಿಂದು ಬಂದು ಆಕಳಿಸುತ್ತ ಓಡುವ ಸೋಮಾರಿಗಳದ್ದು ಕೂಡ. ಅದನ್ನು ಕಂಡು ಅನುಮಾನ ಬರಬೇಕಿತ್ತು. ನನಗೆ ಬಂದದ್ದು ನನ್ನ ತರಬೇತಿಯ ಮೇಲೆ ಅಭಿಮಾನ.

ಹೊಸೂರಿನಲ್ಲಿ ಆಗ ಕಾರ್ಖಾನೆಗಳು ಒಂದೊಂದಾಗಿ ಏಳುತ್ತಿದ್ದವು. ಅವುಗಳಲ್ಲೊಂದು ಓಟಗಾರರ ತಂಡ ಕಟ್ಟುತ್ತಿತ್ತು. ಅಲ್ಲಿನ ಅಧಿಕಾರಿ ನನ್ನೊಂದಿಗೆ ನೇರವಾಗಿ ಮಾತಾಡಿದರು. ಹುಡುಗ ಜನವರಿಯ ವಿಶ್ವವಿದ್ಯಾಲಯ ಕೂಟದಲ್ಲಿ ನೂರು ಮೀಟರ್ ಫೈನಲ್‌ಗೆ ಬಂದರೆ ಕಾಯಂ ಕೆಲಸ, ಬರದಿದ್ದರೆ ಇಲ್ಲ. ಹಿಂದಿನ ವರ್ಷ ಹನ್ನೊಂದು ಸೆಕೆಂಡ್ ಓಡಿದವನು ಫೈನಲ್‌ಗೆ ಬಂದಿದ್ದ. ನಮ್ಮವನು ಹತ್ತು ಪಾಯಿಂಟ್ ಒಂಬತ್ತು. ನನ್ನ ಪಾಲಿಗೆ ಕೆಲಸ ಸಿಕ್ಕೇಬಿಟ್ಟಿತ್ತು.

ಸೆಪ್ಟೆಂಬರಿನ ಜಿಲ್ಲಾ ಕೂಟದಲ್ಲಿ ಅವನು ಹನ್ನೊಂದೂವರೆ ಸೆಕೆಂಡ್ ತೆಗೆದುಕೊಂಡು ಮೂರನೆಯವನಾದ. ಮುಖ ಸಪ್ಪಗೆ ಮಾಡಿಕೊಂಡು ಬಂದು ನನ್ನ ಮುಂದೆ ನಿಂತ.

"ಏನಾಯ್ತು ಸಾರ್ ನಂಗೆ?"

"ನಿನಗೇನೂ ಆಗ್ಲಿಲ್ಲ ಕಣ್ಲಾ. ಗಾಳಿ ಎದುರಿಗಿತ್ತು," ಎಂದೆ.

ಗಾಳಿಯೇ ಇರಲಿಲ್ಲ. ವೇದಿಕೆಯ ಮೇಲಿನ ಬಾವುಟ ಕಂಬಕ್ಕೆ ಅಂಟಿಕೊಂಡು ಜೋತುಬಿದ್ದದ್ದು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಅವತ್ತೂ ಕಂಡಿತ್ತು.

ಅದೇ ತಿಂಗಳು ಅವನಿಗೆ ಒಂದು ಕಾಗದ ಬಂತು. ಹಿಂದಿನ ವರ್ಷ ಹಾಕಿದ್ದ ಅರ್ಜಿಗೆ ಕನ್ನಡ ಮಾಧ್ಯಮದ ಟೀಚರ್ ಟ್ರೈನಿಂಗ್‌ನಲ್ಲಿ ಸೀಟು. ತಮಿಳು ಸೀಮೆಗೆ ಸೇರಿದ ನಮ್ಮ ಕಡೆ ಕನ್ನಡ ಶಾಲೆಗಳಿಗೆ ಮೇಷ್ಟ್ರುಗಳು ಸಿಗುತ್ತಿರಲಿಲ್ಲ. ಟ್ರೈನಿಂಗ್ ಮುಗಿಸಿದವನಿಗೆ ಕೆಲಸ ಕಟ್ಟಿಟ್ಟದ್ದು. ಹತ್ತು ದಿನದೊಳಗೆ ಸೇರಬೇಕಿತ್ತು. ಸೇರಿದರೆ ಕಾಲೇಜು ಬಿಡಬೇಕು, ಓಟವನ್ನೂ ಬಿಡಬೇಕು. ಹುಡುಗ ನನ್ನನ್ನು ಕೇಳಿದ. ನಾನು ಬೇಡ ಎಂದೆ. ಎರಡು ದಿನದ ಮೇಲೆ ಅವನ ಅಪ್ಪನೇ ಬಂದರು. ತಲೆಗೆ ಟವೆಲ್ ಸುತ್ತಿದ, ಒಣ ಹೊಲದ ರಾಗಿ ಬೇಸಾಯದ ಮನುಷ್ಯ. ಎರಡು ಬಸ್ಸು ಬದಲಿಸಿ ಬಂದಿದ್ದರು. ಕುರ್ಚಿ ಹಾಕಿದರೂ ಕೂರಲಿಲ್ಲ.

"ಸಾಮಿ, ನಂಗೆ ಓಟ ಗೊತ್ತಿಲ್ಲ. ಮೇಷ್ಟ್ರ ಕೆಲ್ಸ ಗೊತ್ತು. ನಮ್ಮೂರ್ಗೆ ಬರೋ ಮೇಷ್ಟ್ರು ಮಳೆ ಆದ್ರೂ ಸಂಬಳ ತಗೋತಾನೆ, ಆಗ್ದಿದ್ರೂ ತಗೋತಾನೆ. ನೀವು ಓದ್ದೋರು. ಎರಡ್ರಾಗೆ ಯಾವ್ದು ಗಟ್ಟಿ, ನೀವೇ ಏಳಿ."

"ಓಟ ಗಟ್ಟಿ. ನಿಮ್ಮ ಹುಡುಗನಂಥವನು ಈ ಕಡೆ ಇನ್ನೊಬ್ಬ ಇಲ್ಲ."

"ಅಂಗಂತ ಒಂದು ಕಾಗ್ದದಾಗೆ ಬರ್ದ್ಕೊಡಿ ಸಾಮಿ. ನಂಗೆ ಓದಕ್ ಬರಕಿಲ್ಲ. ಆದ್ರೂ ಮನೇಲಿರ್ಲಿ."

ಕಾಲೇಜಿನ ಹೆಸರಿದ್ದ ಕಾಗದ ತೆಗೆದು, ನನ್ನ ಕೈಯಾರೆ ಕನ್ನಡದಲ್ಲಿ ಬರೆದೆ: ಇವನು ನೂರು ಮೀಟರನ್ನು 10.9 ಸೆಕೆಂಡಿನಲ್ಲಿ ಓಡುತ್ತಾನೆ, ದೂರವನ್ನು ನಾನೇ ಅಳೆದಿದ್ದೇನೆ, ಕಾಲವನ್ನು ನಾನೇ ನೋಡಿದ್ದೇನೆ. ಸಹಿ ಹಾಕಿ ದುಂಡು ಮೊಹರು ಒತ್ತಿದೆ. ಅವರು ಅದನ್ನು ನಾಲ್ಕಾಗಿ ಮಡಿಸಿ ಎಲೆಅಡಿಕೆ ಸಂಚಿಯೊಳಗಿಟ್ಟುಕೊಂಡು ಹೋದರು. ಟ್ರೈನಿಂಗ್ ಸೀಟಿನ ಗಡುವು ಮುಗಿಯಿತು.

ಜನವರಿಯ ಕೂಟಕ್ಕೆ ಇನ್ನು ಮೂರು ವಾರವಿದ್ದಾಗ, ಕೆರೆಯ ಮಣ್ಣನ್ನು ಹೊಲಕ್ಕೆ ಹೊಡೆಯುವ ಗಾಡಿಯವರು ನನ್ನ ಕೊನೆಯ ಗೂಟಗಳನ್ನು ಕಿತ್ತುಹಾಕಿದ್ದರು. ಬೈದುಕೊಂಡು ಮತ್ತೆ ಕರ್ಣಮರ ಮನೆಗೆ ಹೋದೆ. ಕರ್ಣಮರು ಹಿತ್ತಲಿನಲ್ಲಿ ಸ್ನಾನ ಮಾಡುತ್ತಿದ್ದರು. ಅವರ ಹೆಂಡತಿ ಬಾಗಿಲಿಗೆ ಬಂದರು.

"ಅಮ್ಮಾ, ಚೈನು ಬೇಕಿತ್ತು."

"ಯಾವ್ದು ಬೇಕಪ್ಪ, ದೊಡ್ಡದಾ ಚಿಕ್ಕದಾ?"

ನನಗೆ ಅರ್ಥವಾಗಲಿಲ್ಲ. "ಚೈನಿನಲ್ಲಿ ದೊಡ್ಡದು ಚಿಕ್ಕದು ಅಂತ ಉಂಟಾ ಅಮ್ಮ?"

"ಉಂಟಲ್ಲಪ್ಪ. ಪಾಲು ಮಾಡುವಾಗ ಅಣ್ಣನ ಪಾಲಿಗೆ ದೊಡ್ಡದು ಎಳೀತಾರೆ, ತಮ್ಮನ ಪಾಲಿಗೆ ಚಿಕ್ಕದು. ಲೆಕ್ಕದಾಗೆ ಇಬ್ರಿಗೂ ಸಮ. ನೀನು ಹೋದ ಸಲ ತಗೊಂಡೋಗಿದ್ದು ಚಿಕ್ಕದು."

ಆಕೆ ಅದನ್ನು ಮಜ್ಜಿಗೆ ಬೇಕಾ ಎಂದು ಕೇಳುವ ಧಾಟಿಯಲ್ಲೇ ಹೇಳಿದರು. ನಾನು ಎರಡು ಸರಪಣಿಗಳನ್ನೂ ಅಂಗಳಕ್ಕೆ ತಂದು, ಒಂದು ತುದಿ ಸೇರಿಸಿ, ಪಕ್ಕಪಕ್ಕ ಎಳೆದು ಹಾಸಿದೆ. ಇನ್ನೊಂದು ತುದಿಯಲ್ಲಿ ಚಿಕ್ಕದು ನನ್ನ ಒಂದು ದೊಡ್ಡ ಹೆಜ್ಜೆಯಷ್ಟು ಹಿಂದೆಯೇ ನಿಂತುಬಿಟ್ಟಿತು. ಕೂತು ಎಣಿಸಿದೆ. ಬಿಲ್ಲೆಗಳೇನೋ ಸರಿಯಾಗಿದ್ದವು. ಆದರೆ ಎರಡು ಬಿಲ್ಲೆಗಳ ನಡುವೆ ಒಂದು ಕಡೆ ಹತ್ತು ಕೊಂಡಿ, ಮುಂದಿನದರಲ್ಲಿ ಒಂಬತ್ತು, ಮತ್ತೆ ಹತ್ತು, ಮತ್ತೆ ಒಂಬತ್ತು. ಯಾವನೋ ಕಮ್ಮಾರ ಬಲು ಜಾಣತನದಿಂದ ಐದು ಕೊಂಡಿ ತೆಗೆದಿದ್ದ. ಸರಪಣಿಗೆ ಒಂದು ಮೀಟರ್. ಐದು ಸರಪಣಿಗೆ ಐದು ಮೀಟರ್. ಅರ್ಧ ಮೀಟರನ್ನು ಸ್ಕೇಲಿಟ್ಟು ಕಳೆದಿದ್ದ ಮಹಾನುಭಾವ ನಾನು ಕೊಂಡಿ ಎಣಿಸಿರಲಿಲ್ಲ.

ಕರ್ಣಮರು ತಲೆ ಒರೆಸಿಕೊಳ್ಳುತ್ತ ಬಂದರು. ಅಂಗಳದಲ್ಲಿ ಕೂತಿದ್ದ ನನ್ನನ್ನು ನೋಡಿ ಅವರಿಗೆ ತಿಳಿಯಿತು. ನಾಚಿಕೆಯೇನೂ ಆದಂತೆ ಕಾಣಲಿಲ್ಲ.

"ಅದು ನಮ್ಮಪ್ಪನ ಕಾಲದ್ದು ಮೇಷ್ಟ್ರೇ, ನಾನು ಮಾಡ್ಸಿದ್ದಲ್ಲ."

"ನನಗೆ ಯಾಕೆ ಅದನ್ನ ಕೊಟ್ರಿ?"

"ಓಡಕೆ ಅಂದ್ರಲ್ಲ. ಪಾಪ, ಹಾಸ್ಟೆಲ್ ಹುಡುಗ್ರು, ಅರೆಹೊಟ್ಟೇಲಿ ಓಡ್ತವೆ. ಒಸಿ ಕಮ್ಮಿ ಓಡ್ಕೊಳ್ಲಿ ಅಂತ ಚಿಕ್ಕದು ಕೊಟ್ಟೆ. ಒಳ್ಳೇದಕ್ಕೇ ಕೊಟ್ಟೆ ಕಣ್ರೀ."

ಅವರ ಮೇಲೆ ರೇಗಬೇಕೆಂದು ಬಾಯಿ ತೆರೆದೆ. ಆದರೆ ಅವರು ಕರುಣೆಯಿಂದಲೇ ಕೊಟ್ಟಿದ್ದರು.

ಅಲ್ಲಿಂದ ದೊಡ್ಡ ಸರಪಣಿ ಹೊತ್ತು ನೇರ ಹಾಸ್ಟೆಲ್‌ಗೆ ಹೋಗಿ, ಅಡುಗೆಯವರು ಒಣಹಾಕಿದ್ದ ಪಂಚೆ ಇಳಿಸಿ, ಬಟ್ಟೆಯ ಟೇಪು ಬಿಚ್ಚಿಕೊಂಡು ಬಂದೆ. ಆ ಮನುಷ್ಯ ಏನಾಯಿತು ಸಾರ್ ಎಂದು ಹಿಂದೆಯೇ ಬಂದ. ದೊಡ್ಡ ಸರಪಣಿಯ ಪಕ್ಕ ಟೇಪು ಹಿಡಿದೆ. ಎರಡೂ ಹೆಚ್ಚುಕಡಿಮೆ ಒಂದೇ ಹೇಳಿದವು. ಟೇಪು ಹಿಗ್ಗಿಯೇ ಇರಲಿಲ್ಲ. ಅದು ಆ ನಾಲ್ಕು ದಿನವೂ ನನಗೆ ತೊಂಬತ್ತೈದು, ತೊಂಬತ್ತೈದು ಎಂದು ಹೇಳುತ್ತಲೇ ಇತ್ತು. ಹತ್ತು ಪಾಯಿಂಟ್ ಒಂಬತ್ತಕ್ಕೆ ಇನ್ನೈದು ಮೀಟರ್ ಸೇರಿಸಿದರೆ ಹನ್ನೊಂದು ಪಾಯಿಂಟ್ ನಾಲ್ಕು. ಅಂಥ ಓಟಗಾರರು ಪ್ರತಿ ಕಾಲೇಜಿನಲ್ಲೂ ಇಬ್ಬರು ಮೂವರು ಇರುತ್ತಾರೆ.

ಹುಡುಗನಿಗೆ ಹೇಳಲಿಲ್ಲ. ಮೂರು ವಾರವಿದೆ, ಈಗ ಎದೆ ಒಡೆಯುವುದು ಬೇಡ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅಸಲಿಗೆ ಹೆದರಿದ್ದೆ, ಅಷ್ಟೇ. ದೊಡ್ಡ ಸರಪಣಿಯಿಂದ ಹೊಸ ಗೂಟ ಬಡಿದು, ಗಾಡಿಯವರ ದೆಸೆಯಿಂದ ಮತ್ತೆ ಬಡಿಯಬೇಕಾಯಿತು ಎಂದೆ. ಅರ್ಧ ಸೆಕೆಂಡನ್ನು ಮೂರು ವಾರದಲ್ಲಿ ಸಂಪಾದಿಸುವ ಹುಚ್ಚಿಗೆ ಬಿದ್ದೆ. ಕೆರೆ ಏರಿಯ ಇಳಿಜಾರನ್ನು ದಿನಕ್ಕೆ ಹನ್ನೆರಡು ಸಲ ಹತ್ತಿಸಿದೆ. ಹಿಂಗಾಲಿನ ಗುಳಿಯನ್ನು ನಾಲ್ಕು ಬೆರಳು ಮುಂದಕ್ಕೆ ತಂದು, ಮೊದಲ ಏಳು ಹೆಜ್ಜೆ ತಲೆ ಎತ್ತದೆ ಓಡುವುದನ್ನು ಕಲಿಸಿದೆ. ಸೊಂಟಕ್ಕೆ ಹಗ್ಗ ಕಟ್ಟಿ ಹಳೆಯ ಟಯರು ಎಳೆಸಿದೆ. ಅವನು ಯಾಕೆ ಎನ್ನದೆ ಎಲ್ಲವನ್ನೂ ಮಾಡಿದ. ಆಗಾಗ, ಟೈಮ್ ಹಾಕಿ ಸಾರ್ ಎನ್ನುತ್ತಿದ್ದ. ಒಂದು ದಿನ ತಪ್ಪಿಸಿಕೊಳ್ಳಲಾಗದೆ ಗಡಿಯಾರ ಹಿಡಿದೆ. ಹನ್ನೊಂದು ಪಾಯಿಂಟ್ ಮೂರು. ಹನ್ನೊಂದು ಎಂದು ಹೇಳಿದೆ. ಅದುವರೆಗೆ ಅಳೆದದ್ದು ತಪ್ಪು, ಅವತ್ತು ಆಡಿದ್ದು ಸುಳ್ಳು. ಎರಡಕ್ಕೂ ವ್ಯತ್ಯಾಸವಿದೆ ಎಂದು ನನಗೆ ಗಡಿಯಾರ ಜೇಬಿಗಿಡುವಾಗಲೇ ಗೊತ್ತಾಯಿತು.

ಅವನು ಹೆಜ್ಜೆಗುರುತುಗಳ ಪಕ್ಕ ಹಿಂದಕ್ಕೆ ನಡೆದುಹೋದ. ಆರಂಭದ ಗೆರೆಯವರೆಗೂ ಹೋಗಿ, ತಿರುಗಿ ಬಂದ.

"ಸಾರ್, ಒಂದು ಕೇಳ್ತೀನಿ, ಬೈಬಾರ್ದು."

"ಏನ್ಲಾ?"

"ಮೊದ್ಲು ನಲವತ್ತೆಂಟು ಹೆಜ್ಜೆಗೆ ಮುಗೀತಿತ್ತು. ಈಗ ದಿನಾ ಐವತ್ತು, ಐವತ್ತೊಂದು ಬತ್ತದೆ. ನನ್ ಕಾಲೇನಾರ ಗಿಡ್ಡ ಆಗೋದ್ವಾ ಸಾರ್?"

ನಗುತ್ತಲೇ ಕೇಳಿದ. ಆದರೆ ಕಣ್ಣು ನನ್ನ ಮುಖದ ಮೇಲೇ ಇತ್ತು. ಹೆಜ್ಜೆ ಎಣಿಸುವುದನ್ನು ಅವನಿಗೆ ಕಲಿಸಿದವನು ನಾನೇ. ಇನ್ನು ಮುಚ್ಚಿಡಬಾರದೆಂದು ಆ ಕ್ಷಣಕ್ಕೆ ನಿರ್ಧರಿಸಿದೆ. ಕರ್ಣಮರ ಮನೆಗೆ ಅವನನ್ನೂ ಕರೆದುಕೊಂಡು ಹೋಗಿ ಎರಡು ಸರಪಣಿಗಳನ್ನೂ ಹೊತ್ತು ತಂದೆ. ಕೆರೆಯಂಗಳದಲ್ಲಿ ಪಕ್ಕಪಕ್ಕ ಹಾಸಿ, ಇದರಲ್ಲಿ ಅಳೆದಿದ್ದೆ, ಇದರಲ್ಲಿ ಅಳೆಯಬೇಕಿತ್ತು ಎಂದೆ. ಹನ್ನೊಂದು ಎಂದದ್ದೂ ಸುಳ್ಳು, ಹನ್ನೊಂದು ಪಾಯಿಂಟ್ ಮೂರು ಎಂದೆ.

ಅವನು ಕುಕ್ಕರಗಾಲಿನಲ್ಲಿ ಕೂತು ಚಿಕ್ಕ ಸರಪಣಿಯ ಕೊಂಡಿಗಳನ್ನು ಒಂದೊಂದಾಗಿ ಎಣಿಸಿದ. ತೊಂಬತ್ತೈದನ್ನು ಪೂರ್ತಿ ಎಣಿಸಿದ. ನಾನು ಹೇಳಿದ್ದನ್ನು ಅವನು ಪರೀಕ್ಷಿಸಿ ನೋಡಿದ್ದು ಅದೇ ಮೊದಲು. ಆಮೇಲೆ ಕೈಗೆ ಹತ್ತಿದ ತುಕ್ಕನ್ನು ಚಡ್ಡಿಗೆ ಒರೆಸಿಕೊಂಡ.

"ಅಂಗಾರೆ ನಾನು ಬೇಗ ಓಡ್ತಾನೇ ಇರ್ನಿಲ್ವಾ ಸಾರ್?"

"ಓಡ್ತಿದ್ದೆ ಕಣ್ಲಾ. ಅಷ್ಟು ಬೇಗ ಅಲ್ಲ."

"ಆ ಸೀಟು?"

ಮರುದಿನ ರಜೆ ಹಾಕಿ ಟ್ರೈನಿಂಗ್ ಶಾಲೆಗೆ ಹೋದೆ. ಮುಖ್ಯೋಪಾಧ್ಯಾಯರು ಸಜ್ಜನರು, ನಾನು ಹೇಳಿದ್ದನ್ನು ಕೊನೆವರೆಗೂ ಕೇಳಿದರು. ನಂತರ ನನ್ನನ್ನು ಕಿಟಕಿಯ ಹತ್ತಿರಕ್ಕೆ ಕರೆದರು. ಒಳಗೆ ಒಬ್ಬ ಹುಡುಗಿ ಕಪ್ಪುಹಲಗೆಯ ಮುಂದೆ ನಿಂತು, ತನ್ನ ಜೊತೆಯವರನ್ನೇ ಮಕ್ಕಳೆಂದುಕೊಂಡು ಮಗ್ಗಿ ಹೇಳಿಕೊಡುತ್ತಿದ್ದಳು.

"ಆ ಸೀಟು ಈಗ ಇವಳದು. ಇವಳನ್ನ ಎಬ್ಬಿಸಿ ಕಳಿಸ್ಲಾ ಹೇಳಿ?"

"ಬರೋ ವರ್ಷ?"

"ನಿಮ್ಮ ಹುಡುಗನಿಗೆ ವಯಸ್ಸು ಮೀರುತ್ತೆ."

ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಕೃಷ್ಣಗಿರಿ ಬೆಟ್ಟ ಕಾಣುವವರೆಗೂ ಅತ್ತೆ. ಯಾರೋ ತೀರಿಕೊಂಡಿರಬೇಕೆಂದು ಪಕ್ಕದಲ್ಲಿದ್ದ ಹೆಂಗಸು ತಮಿಳಿನಲ್ಲಿ ಸಮಾಧಾನ ಹೇಳಿದಳು.

ಹುಡುಗ ತರಬೇತಿಗೆ ಬರುವುದಿಲ್ಲ ಎಂದುಕೊಂಡಿದ್ದೆ. ಆರು ಗಂಟೆಗೆ ಹೋದರೆ ಗುಳಿ ತೋಡಿಕೊಂಡು ಕೂತಿದ್ದ. ಉಳಿದ ಒಂಬತ್ತು ದಿನ ನಾವು ಗಡಿಯಾರದ ನಿಜವನ್ನೇ ಮಾತಾಡಿದೆವು. ಹನ್ನೊಂದು ಪಾಯಿಂಟ್ ಮೂರು, ಮೂರು, ಮತ್ತೆ ಮೂರು. ಇಬ್ಬರಿಗೂ ಆಸೆ ಇರಲಿಲ್ಲ. ಆಸೆ ಇಲ್ಲದೆಯೂ ಕೆಲಸ ಮಾಡಬಹುದು ಎಂದು ಆ ಒಂಬತ್ತು ದಿನ ನೋಡಿದೆ, ಅದರಲ್ಲಿ ಸುಖವೇನೂ ಇಲ್ಲ.

ವಿಶ್ವವಿದ್ಯಾಲಯ ಕೂಟ ನಡೆದ ಮದ್ರಾಸಿನ ಮೈದಾನ ಕಪ್ಪು ಬೂದಿಪುಡಿ ಹಾಕಿ ಉರುಳೆ ಎಳೆದ ನೆಲ. ಬರಿಗಾಲು ಅಲ್ಲಿ ಹರಿದುಹೋಗುತ್ತದೆ. ಇನ್ನೊಂದು ಕಾಲೇಜಿನವರಿಂದ ಮೊಳೆಯ ಬೂಟು ಬೇಡಿ ತಂದು, ಬೆರಳಿನ ಕಡೆ ಪೇಪರ್ ತುರುಕಿ ಹಾಕಿಸಿದೆ. ಪಿಸ್ತೂಲಿನ ಸದ್ದಿಗೆ ಅವನು ಚೆನ್ನಾಗಿ ಎದ್ದ. ಏಳು ಹೆಜ್ಜೆ ತಲೆ ಎತ್ತಲಿಲ್ಲ. ಅರವತ್ತು ಮೀಟರಿನವರೆಗೆ ಮೂರನೆಯವನಾಗಿದ್ದ. ಆಮೇಲೆ ಉಳಿದವರು ಅವನನ್ನು ದಾಟಿ ಸಲೀಸಾಗಿ ಹೋದರು. ಮೊದಲ ಸುತ್ತಿನಲ್ಲೇ ಐದನೆಯವನು, ಫೈನಲ್ ತಪ್ಪಿತು. ಹನ್ನೊಂದು ಪಾಯಿಂಟ್ ಎರಡು. ಅವನ ಜೀವಮಾನದ ಅತ್ಯುತ್ತಮ ಓಟ. ಹನ್ನೊಂದು ಪಾಯಿಂಟ್ ನಾಲ್ಕರಿಂದ ಎರಡಕ್ಕೆ ಮೂರೇ ವಾರದಲ್ಲಿ ಬಂದಿದ್ದ. ನಾನು ನಿಜವಾಗಿ ಕಲಿಸಿದ್ದು, ಅವನು ನಿಜವಾಗಿ ಕಲಿತದ್ದು ಅಷ್ಟು. ಅದನ್ನು ಹೇಳಿಕೊಳ್ಳಲು ನನಗೆ ಬಾಯಿರಲಿಲ್ಲ. ಅವನು ಬೂಟು ಬಿಚ್ಚಿ, ಪೇಪರ್ ತೆಗೆದು, ಒಳಗಿನ ಬೂದಿ ಕೊಡವಿ ವಾಪಸ್ ಕೊಟ್ಟು ಬಂದ.

ಫೆಬ್ರವರಿಯಲ್ಲಿ ಊರಿಗೆ ಹೋದವನು ಕಾಲೇಜಿಗೆ ಮರಳಲಿಲ್ಲ. ಎರಡು ಕಾಗದ ಬರೆದೆ, ಉತ್ತರ ಬರಲಿಲ್ಲ. ಮಾರ್ಚಿನ ಒಂದು ಭಾನುವಾರ ಅಂಚೆಟ್ಟಿಗೆ ಬಸ್ಸು ಹತ್ತಿದೆ. ಎರಡು ಉದ್ದೇಶವಿತ್ತು. ಡಿಗ್ರಿಯಾದರೂ ಮುಗಿಸು ಎಂದು ಹುಡುಗನಿಗೆ ಹೇಳುವುದು. ಅಪ್ಪನ ಮುಂದೆ ನಿಂತು, ತಪ್ಪು ನನ್ನದು, ನಿಮ್ಮ ಮಗನದಲ್ಲ ಎಂದು ಹೇಳಿ, ಮೊಹರು ಒತ್ತಿ ಕೊಟ್ಟಿದ್ದ ಆ ಕಾಗದವನ್ನು ಇಸಿದುಕೊಂಡು ಹರಿದುಹಾಕುವುದು. ಐದು ಮೈಲಿಯೂ ಅದೇ ಮಾತನ್ನು ಬಾಯಿಪಾಠ ಮಾಡುತ್ತ ನಡೆದೆ.

ಅಪ್ಪ ಹೊಲದ ಬೇಲಿಗೆ ಮುಳ್ಳು ಒಟ್ಟುತ್ತಿದ್ದರು. ನನ್ನನ್ನು ಕಂಡು ಓಡಿ ಬಂದು, ಮನೆಯೊಳಗೆ ಕರೆದೊಯ್ದು, ಚಾಪೆ ಹಾಸಿ, ನೀರು ಕೊಟ್ಟರು. ಕಾಗದವನ್ನು ಕೇಳಿ ಪಡೆಯುವ ಅಗತ್ಯವೇ ಇರಲಿಲ್ಲ. ಅದು ಕಣ್ಣೆದುರಿಗೇ ಇತ್ತು. ದೇವರ ಪಟದ ಪಕ್ಕದ ಮಣ್ಣಿನ ಗೋಡೆಗೆ ಗಂಜಿ ಹಚ್ಚಿ ಅಂಟಿಸಿದ್ದರು. ದುಂಡು ಮೊಹರು, ನನ್ನ ಸಹಿ, ದೂರವನ್ನು ನಾನೇ ಅಳೆದಿದ್ದೇನೆ.

"ಸಾಮಿ, ನೀವೇ ಬಂದ್ರಿ, ಒಳ್ಳೇದಾಯ್ತು," ಎಂದರು. "ನಾನು ಓದ್ದೋನಲ್ಲ. ಒಂದು ಮಾತು ಕೇಳ್ಬೇಕು ಅಂತಿದ್ದೆ. ಇಷ್ಟು ಬೇಗ ಓಡ್ತಾನೆ ಅಂತ ನೀವೇ ಅಳ್ದು ಬರ್ದಿದೀರ. ಮತ್ಯಾಕೆ ಅವ್ರು ಕೆಲ್ಸ ಕೊಡ್ನಿಲ್ಲ?"

ಬಾಯಿಪಾಠ ಮಾಡಿದ್ದು ಗಂಟಲವರೆಗೆ ಬಂತು. ಆ ಹೊತ್ತಿಗೆ ಹುಡುಗ ಹೆಗಲ ಮೇಲೆ ಮುಳ್ಳುಕಂಟಿಯ ಹೊರೆ ಹೊತ್ತು ಬಾಗಿಲಿಗೆ ಬಂದ. ಮಾತು ಅವನ ಕಿವಿಗೆ ಬಿದ್ದಿತ್ತು. ಹೊರೆ ಇಳಿಸಿದ. ನನ್ನ ಮುಖ ನೋಡಲಿಲ್ಲ.

"ಎಷ್ಟು ಸಲ ಏಳ್ಳಪ್ಪ ನಿಂಗೆ? ಗಾಳಿ ಎದ್ರುಗಿತ್ತು," ಎಂದ. "ಮದ್ರಾಸ್ನಾಗೆ ಸಮುದ್ರದ ಗಾಳಿ. ಅದ್ಕೆ ಸಾರ್ ಏನ್ ಮಾಡಕಾಯ್ತದೆ?"

ಅಪ್ಪ ನನ್ನ ಕಡೆ ತಿರುಗಿದರು. "ಔದಾ ಸಾಮಿ?"

ಹುಡುಗ ಅಂಗೈಗೆ ನೆಟ್ಟ ಮುಳ್ಳನ್ನು ಕೀಳುತ್ತ ನಿಂತಿದ್ದ. ಈ ಮಾತನ್ನು ಅವನಿಗೆ ಕಲಿಸಿದವನೂ ನಾನೇ.

"ಹೌದು," ಎಂದೆ.

"ಅಂಗಾರೆ ನೀವು ಬರ್ದಿರೋದು ಸರಿಯಾಗೇ ಅದೆ," ಎಂದು ಅಪ್ಪ ಎದ್ದು, ಗೋಡೆಯಿಂದ ಮೇಲೆದ್ದಿದ್ದ ಕಾಗದದ ಒಂದು ಮೂಲೆಗೆ ಎಂಜಲು ಹಚ್ಚಿ ಹೆಬ್ಬೆರಳಿನಿಂದ ಒತ್ತಿದರು.